ಮಂಗಟ್ಟೆಯ ಗಂಟಲಲ್ಲಿದ್ದ ಅತ್ತಿಹಣ್ಣು

ಹೆಣ್ಣು ಮಂಗಟ್ಟೆ ಹಕ್ಕಿಯೊಂದು ಮೊಟ್ಟೆಯಿಡಲು ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು, ಬಾಗಿಲನ್ನು ಮಣ್ಣಿನಿಂದ ಮುಚ್ಚಿಕೊಂಡಿತು. ತನ್ನ ರೆಕ್ಕೆಯ ಗರಿಗಳನ್ನು ಉದುರಿಸಿ ಮೊಟ್ಟೆಗಳಿಗೆ ಹಾಸಿತು. ಗಂಡು ಹಕ್ಕಿ ದಿನವೂ ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತಿತ್ತು.

ಒಂದು ದಿನ ಅದು ಬರಲಿಲ್ಲ. ಮರುದಿನ ಮಧ್ಯಾಹ್ನವಾದರೂ ಸುಳಿವಿಲ್ಲ. ಪಕ್ಕದ ಕೊಂಬೆಯ ಕಾಗೆ ಹೇಳಿತು: "ತಾಯೀ, ನಿನ್ನ ಗಂಡ ಎಲ್ಲೋ ಹಣ್ಣಿನ ತೋಪು ಕಂಡು ನಿನ್ನನ್ನು ಮರೆತಿದ್ದಾನೆ. ಗೋಡೆ ಒಡೆದು ಹಾರಿಹೋಗು."

"ಹಾರಲು ನನಗೆ ಗರಿಗಳಿಲ್ಲ."

"ಒಬ್ಬನನ್ನು ನಂಬಿ ರೆಕ್ಕೆಯನ್ನೇ ಕಳೆದುಕೊಂಡೆಯಾ?"

"ಕಳೆದುಕೊಳ್ಳಲಿಲ್ಲ, ಮಕ್ಕಳಿಗೆ ಕೊಟ್ಟೆ. ನನ್ನ ಗಂಡ ಬಂದೇ ಬರುತ್ತಾರೆ," ಎಂದಿತು ಹೆಣ್ಣು.

ಸಂಜೆ ಗಂಡು ಬಂತು. ಗಿಡುಗನ ಏಟಿಗೆ ಒಂದು ರೆಕ್ಕೆ ಜೋತುಬಿದ್ದಿತ್ತು. ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸಿಕೊಂಡೇ ಬಂದಿತ್ತು. ಹಸಿವಿನಿಂದ ನಡುಗುತ್ತಲೇ ಗಂಟಲಿನಿಂದ ಒಂದು ಅತ್ತಿಹಣ್ಣನ್ನು ಹೊರತೆಗೆಯಿತು.

ಕಾಗೆ ಬೆರಗಾಯಿತು. "ಹಣ್ಣು ನಿನ್ನ ಗಂಟಲಲ್ಲೇ ಇತ್ತಲ್ಲಯ್ಯಾ! ನುಂಗಬಾರದಿತ್ತೇ?"

"ಅದು ಅವಳದು. ನಾನು ಹೊತ್ತು ತಂದೆ, ಅಷ್ಟೇ."

ಹೆಣ್ಣು ಹಣ್ಣನ್ನು ಕಚ್ಚಿ ಎರಡು ಮಾಡಿ, ಅರ್ಧವನ್ನು ಸೀಳಿನಿಂದ ಹೊರಗೆ ಚಾಚಿತು. "ಮೊದಲು ತಿನ್ನಿ. ನೀವು ಉಳಿದರೆ ನಾವೆಲ್ಲ ಉಳಿಯುತ್ತೇವೆ."

ಗಂಡು ತಿಂದಿತು. ಕಾಗೆ ಅತ್ತಿಮರದ ಕಡೆಗೆ ಹಾರಿತು. ಕತ್ತಲಾಗುವ ಮುಂಚೆ ಹಣ್ಣಿನ ಗೊಂಚಲು ಕಚ್ಚಿಕೊಂಡು ಬಂತು. ಗಂಡಿನ ರೆಕ್ಕೆ ವಾಸಿಯಾಗುವ ತನಕ ಆ ಸೀಳಿಗೆ ಹಣ್ಣು ತಪ್ಪಲಿಲ್ಲ.