ಸುಣ್ಣದ ಕಾಲಿನ ಕೋಣ

"ಗುರುಗಳೇ, ಕಂಡರಿಯದ ದೇಶಕ್ಕೆ ಸಿದ್ಧಪುರುಷರನ್ನು ಹುಡುಕಿಕೊಂಡು ಹೊರಟಿದ್ದೇನೆ. ಏನೇನು ಸಿದ್ಧತೆ ಮಾಡಿಕೊಳ್ಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಗಂಟುಮೂಟೆಯತ್ತ ನೋಡಿ ನಕ್ಕರು. ಕೂತುಕೋ, ಒಬ್ಬ ಬೇಟೆಗಾರನ ಕತೆ ಕೇಳಿಕೊಂಡೇ ಹೊರಡು ಎಂದರು.

ಬಯಲುನಾಡಿನ ಒಂದು ಹಟ್ಟಿಯಲ್ಲಿ ಬೇಟೆಗಾರನೊಬ್ಬನಿದ್ದ. ಮೊಲ, ಜಿಂಕೆ ಹೊಡೆಯುವುದರಲ್ಲಿ ಅವನ ಗುರಿ ತಪ್ಪಿದ್ದೇ ಇಲ್ಲ. ಪಕ್ಕದ ಹಟ್ಟಿಯ ಹುಡುಗಿಯೊಬ್ಬಳ ಮೇಲೆ ಅವನಿಗೆ ಮನಸ್ಸು. ಅವಳಿಗೂ ಅವನೆಂದರೆ ಪ್ರಾಣ. ಆದರೆ ಅವರ ಕುಲದಲ್ಲಿ ಒಂದು ಪದ್ಧತಿ. ಅಳಿಯನಾಗುವವನು ತಾನೇ ಬೇಟೆಯಾಡಿದ ದೊಡ್ಡ ಮೃಗದ ಕೊಂಬನ್ನು ಮಾವನ ಮನೆಬಾಗಿಲ ಮೇಲೆ ಕಟ್ಟಬೇಕು. ಹಟ್ಟಿಯ ಸುತ್ತ ಅಂಥ ಮೃಗ ಉಳಿದಿರಲಿಲ್ಲ. ಯುಗಾದಿಯೊಳಗೆ ಕೊಂಬು ಬಾರದಿದ್ದರೆ ಮಗಳನ್ನು ಬೇರೆ ಕಡೆ ಕೊಡುತ್ತೇನೆ ಎಂದು ಅವಳ ಅಪ್ಪ ಹೇಳಿಬಿಟ್ಟ.

ಘಟ್ಟದ ಕಾಡಿನಲ್ಲಿ ಕಾಟಿ ಎಂಬ ಮಹಾಮೃಗವಿದೆ ಎಂದು ಉಪ್ಪಿನ ವ್ಯಾಪಾರಿಗಳು ಹೇಳುತ್ತಿದ್ದರು. ನಡೆದರೆ ನೆಲ ಅದುರುತ್ತದಂತೆ, ಉಸಿರು ಬಿಟ್ಟರೆ ಹೊಗೆ ಏಳುತ್ತದಂತೆ, ಕಣ್ಣು ಕೆಂಡವಂತೆ. ಅವರಾದರೂ ಕಂಡಿದ್ದರೇ? ಅವರಿಗೂ ಯಾರೋ ಹೇಳಿದ್ದು. ಬೇಟೆಗಾರ ಅಷ್ಟನ್ನೂ ನಂಬಿದ. ಕಣದಲ್ಲಿ ಬೂದಿಯಿಂದ ಕಾಡನ್ನು ಬರೆದ. ಇಲ್ಲಿ ಹೊಳೆ, ಅಲ್ಲಿ ಗುಡ್ಡ, ಮೃಗ ಬರುವುದು ಇತ್ತಲಿಂದ, ನಾನು ಕೂರುವುದು ಈ ಮರದ ಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದಾನೆ ಎಂದು ಹಟ್ಟಿಯವರು ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನ ಕಳೆದಂತೆ ಬೂದಿಯ ಗೆರೆಯಲ್ಲಿ ನೀರು ಹರಿಯತೊಡಗಿತು, ಮರ ಚಿಗುರಿತು. ಎಚ್ಚರವಿದ್ದೇ ಅವನು ಆ ಕಾಡಿನಲ್ಲಿ ತಿರುಗಾಡಿ ಬರುತ್ತಿದ್ದ. ಕೆಂಡಗಣ್ಣಿನ ಮೃಗ ದಿನವೂ ಬಂದು ಅವನ ಬಾಣಕ್ಕೆ ಎದೆಕೊಟ್ಟು ನಿಲ್ಲುತ್ತಿತ್ತು. ಎಂಥ ಸುಖ ಅದು! ಹೊರಡುವುದನ್ನೇ ಮರೆಯುವಷ್ಟು ಸುಖ.

ಯುಗಾದಿ ಹತ್ತಿರ ಬಂದಾಗ ಹೊರಟ. ಘಟ್ಟ ಹತ್ತಿ, ತಾನು ಬರೆದ ಮರವನ್ನೇ ಹೋಲುವ ಮರವೊಂದನ್ನು ಹುಡುಕಿ, ಅದರ ಮೇಲೆ ಕೂತ. ಬೆಳಗಿನ ಮಂಜು ಕಾಡನ್ನೆಲ್ಲ ತುಂಬಿತ್ತು. ನೆಲ ಅದುರುವುದನ್ನೇ ಕಾಯುತ್ತ ಅವನು ಕಣ್ಣು ಅರೆಮುಚ್ಚಿದ.

ಆಗ ಬೆನ್ನ ಹಿಂದಿನಿಂದ, ಸದ್ದೇ ಇಲ್ಲದೆ, ಒಂದು ಕರಿಯ ಕೋಣ ಬಂದು ಮರದ ಕೆಳಗೆ ನಿಂತಿತು. ಅದರ ಕಾಲು ಮೊಣಕಾಲಿನವರೆಗೆ ಬೆಳ್ಳಗಿತ್ತು, ಸುಣ್ಣ ಬಳಿದ ಹಾಗೆ. ಯಾರೋ ಅಕ್ಕರೆಯಿಂದ ಸಾಕಿ ಸಿಂಗರಿಸಿದ್ದಾರೆ ಎಂದುಕೊಂಡ. ಘಟ್ಟದ ಮೇವು ಒಳ್ಳೆಯದು, ಎಷ್ಟು ಬೆಳೆದಿದೆ ನೋಡು ಎಂದು ಮೆಚ್ಚಿಕೊಂಡ. ಸಾಕಿದ ದನಕ್ಕೆ ಬಾಣ ತಾಗಿಸಿದವನು ಬಿಲ್ಲು ಮುರಿದುಹಾಕಬೇಕು ಎಂಬುದು ಅವನ ಕುಲದ ಕಟ್ಟು. ಇದು ಇಲ್ಲೇ ನಿಂತರೆ ತನ್ನ ಬೇಟೆ ಕೆಟ್ಟೀತೆಂದು ಹೆದರಿ, ಒಂದು ಒಣರೆಂಬೆ ಮುರಿದು ಎಸೆದ. ಕೋಣ ತಲೆಯೆತ್ತಿ ಅವನನ್ನು ನೋಡಿತು. ಅದರ ಕಣ್ಣು ಶಾಂತವಾಗಿತ್ತು. ಆಮೇಲೆ ಮಂಜಿನೊಳಗೆ ನಡೆದುಹೋಯಿತು.

ಬಿಸಿಲೇರಿದ ಮೇಲೆ ಸೌದೆ ಆರಿಸುತ್ತ ಮುದುಕಿಯೊಬ್ಬಳು ಆ ದಾರಿಯಲ್ಲಿ ಬಂದಳು. ಅವನು ಮರದ ಮೇಲಿಂದಲೇ ದೂರು ಹೇಳಿದ.

"ಅಜ್ಜೀ, ಕೋಣವನ್ನು ಹೀಗೆ ಕಾಡಿಗೆ ಬಿಡಬೇಡಿ ಎಂದು ನಿಮ್ಮೂರಿನವರಿಗೆ ಹೇಳಬಾರದೇ?"

"ನಮ್ಮೂರಲ್ಲಿ ಕೋಣ ಸಾಕಿದವರು ಯಾರೂ ಇಲ್ಲವಲ್ಲ, ಮಗಾ."

ಹಾಗಾದರೆ ತಾನು ಓಡಿಸಿದ್ದು ಕಾಟಿಯನ್ನೇ! ಇಳಿದು ಓಡಿದ. ಹೆಜ್ಜೆಗುರುತು ಹೊಳೆಯವರೆಗೆ ಇತ್ತು, ಆಚೆ ದಡದಲ್ಲಿ ಇರಲಿಲ್ಲ. ಯುಗಾದಿಯವರೆಗೂ ಕಾಡೆಲ್ಲ ಅಲೆದ. ಅದು ಮತ್ತೆ ಕಾಣಲಿಲ್ಲ. ಬರಿಗೈಯಲ್ಲಿ ಮರಳಿದಾಗ ಆ ಹುಡುಗಿಯ ಮನೆಬಾಗಿಲ ಮೇಲೆ ಬೇರೊಬ್ಬನು ಕಟ್ಟಿದ ಕೊಂಬಿತ್ತು. ಅವನು ಬೀದಿಯಲ್ಲೇ ಕೂತು ಅತ್ತ.

ಕತೆ ಮುಗಿಯಿತು. ಶಿಷ್ಯ ಬೇಟೆಗಾರನಿಗಾಗಿ ಮರುಗಿದ. ಪಾಪ, ಮೃಗದ ಲಕ್ಷಣವನ್ನು ಕಂಡವರಿಂದಲೇ ತಿಳಿದುಕೊಂಡು ಹೋಗಬೇಕಿತ್ತು ಎಂದ. ನಾನಾದರೋ ಸಿದ್ಧಪುರುಷರ ಲಕ್ಷಣಗಳನ್ನೆಲ್ಲ ಓದಿ ಬಾಯಿಪಾಠ ಮಾಡಿದ್ದೇನೆ, ಎದುರಿಗೆ ಬಂದರೆ ಕಾಲು ಹಿಡಿಯದೆ ಬಿಡುವವನಲ್ಲ ಎಂದ.

ಗುರುಗಳು ಒಂದೇ ಮಾತು ಕೇಳಿದರು.

"ಹಾಗಾದರೆ ಈ ಬೆಳಿಗ್ಗೆ ನಮ್ಮ ಜಗಲಿಯಿಂದ ನೀನು ಎಬ್ಬಿಸಿ ಕಳಿಸಿದವರು ಯಾರಪ್ಪ?"