ಹಾಲವ್ವ ಬಚ್ಚಿಟ್ಟ ರಾಜಕುಮಾರ

ಏಳು ಬೆಟ್ಟದ ಆಚೆ, ಏಳು ಹಳ್ಳದ ಈಚೆ ಒಂದು ಕುರುಬರ ಹಟ್ಟಿ ಇತ್ತಂತೆ. ಎಲ್ಲಿ ಅಂತ ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ; ಕೇಳಿ ಬೈಸಿಕೊಂಡವಳು ನಾನು. ಆ ಹಟ್ಟಿಯಲ್ಲಿ ಹಾಲವ್ವ ಅಂತ ಒಬ್ಬಳು ಇದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದಿದ್ದು ಮುನ್ನೂರು ಕುರಿ, ಒಂದು ನಾಯಿ, ಒಂದು ನಾಲಿಗೆ. ಆ ನಾಲಿಗೆಗೆ ಹಟ್ಟಿಗೆ ಹಟ್ಟಿಯೇ ಹೆದರುತ್ತಿತ್ತಂತೆ.

ಒಂದು ದಿನ ಮಟಮಟ ಮಧ್ಯಾಹ್ನ ಅರಮನೆಯ ದಾಸಿಯೊಬ್ಬಳು ಏದುಸಿರು ಬಿಡುತ್ತಾ ಬಂದಳಂತೆ. ಸೆರಗಿನಲ್ಲಿ ಒಂದು ಕೂಸು. "ರಾಜನನ್ನ ಅವನ ತಮ್ಮನೇ ಕೊಂದ. ರಾಣಿಯೂ ಹೋದಳು. ಇದು ಅವರ ಮಗ. ಚಿಕ್ಕಪ್ಪನ ಕಣ್ಣಿಗೆ ಬಿದ್ದರೆ ಇದನ್ನೂ ಉಳಿಸಲ್ಲ. ಬಚ್ಚಿಡು ತಾಯೀ" ಅಂದು, ಕೂಸನ್ನ ಹಾಲವ್ವನ ಮಡಿಲಿಗೆ ಹಾಕಿ ಹೋಗೇಬಿಟ್ಟಳಂತೆ. ಸರಿ, ಬಚ್ಚಿಡಬಹುದು. ಆದರೆ ಮುಖ್ಯವಾದ ಮಾತೊಂದಿತ್ತಲ್ಲ, ಅದನ್ನ ಹೇಳಿ ಹೋಗಬಾರದಾ? ಹೇಳಲೇ ಇಲ್ಲವಂತೆ ಆ ಪುಣ್ಯಾತ್ಗಿತ್ತಿ.

ಏನು ಆ ಮಾತು ಅಂದರೆ, ಆ ವಂಶಕ್ಕೆ ಒಂದು ವರ ಇತ್ತಂತೆ. ಪಟ್ಟಕ್ಕೆ ಹಕ್ಕಿರುವವನು ಎದುರಿಗೆ ಬಂದರೆ ನಾಲ್ಕು ಕಾಲಿನ ಯಾವ ಪ್ರಾಣಿಯಾದರೂ ಮಂಡಿಯೂರಬೇಕು. ಅವನು ಕಣ್ಣಿಗೆ ಕಾಣುತ್ತಿರುವಷ್ಟು ಹೊತ್ತೂ ಏಳುವ ಹಾಗಿಲ್ಲ. ಅರಮನೆಯಲ್ಲಿ ಇದೆಲ್ಲ ಚೆಂದ. ಕುರಿಹಟ್ಟಿಯಲ್ಲಿ? ನೀವೇ ಹೇಳಿ.

ಕೂಸಿಗೆ ಓಬಳ ಅಂತ ಹೆಸರಿಟ್ಟಳಂತೆ. ಓಬಳ ಅಂಬೆಗಾಲಿಟ್ಟು ಹೊಸ್ತಿಲು ದಾಟಿದ, ಮುನ್ನೂರು ಕುರಿ ದಬದಬ ಮಂಡಿಯೂರಿದವು. ಓಬಳ ದೊಡ್ಡವನಾಗಿ ಕುರಿ ಮೇಯಿಸೋಕೆ ಹೋದ, ಕುರಿ ಮೇಯೋದು ಬಿಟ್ಟು ಮಂಡಿಯೂರಿದವು, ಸಂಜೆ ಖಾಲಿ ಹೊಟ್ಟೆಯಲ್ಲಿ ವಾಪಸ್ಸು ಬಂದವು. ಪಕ್ಕದೂರಿನವರು ಉಳೋಕೆ ಕರೆದರು, ಎತ್ತು ನೊಗದ ಸಮೇತ ಮಂಡಿಯೂರಿದವು. ತೋಳ ಬಂತು, ಓಡಿಸಬೇಕಾದ ನಾಯಿ ಮಂಡಿಯೂರಿತು. ತೋಳವೂ ಮಂಡಿಯೂರಿತು ಅನ್ನಿ, ಅದೊಂದೇ ಲಾಭ.

ಹಾಲವ್ವ ತಲೆ ಚಚ್ಚಿಕೊಂಡಳಂತೆ. "ಇಂಥವನನ್ನ ನಾನು ಎಲ್ಲಿ ಅಂತ ಬಚ್ಚಿಡಲಿ?"

"ನಾನೇನು ಮಾಡಲವ್ವಾ, ನಾನೇನು ಮಂಡಿಯೂರಿ ಅಂದೆನಾ?" ಅಂದನಂತೆ ಓಬಳ.

"ಅನ್ನದೇ ಇದ್ದರೇ ಇಷ್ಟು. ಒಳಗೆ ನಡಿ. ಕಂಬಳಿ ನೇಯಿ."

ಹಾಗೆ ಓಬಳ ಒಳಗೇ ಕೂತು ಕಂಬಳಿ ನೇಯ್ದನಂತೆ. ಅವನು ಹೊರಗೆ ಇಣುಕಿದಾಗ ಕುರಿ ಮಂಡಿಯೂರಿದ್ದನ್ನ ಕಂಡ ದಾರಿಹೋಕರು ಕೇಳಿದರೆ, "ಕಾಲುಬೇನೆ, ನಿಮಗೂ ಅಂಟುತ್ತೆ, ಬೇಗ ನಡೀರಿ" ಅನ್ನುತ್ತಿದ್ದಳಂತೆ ಹಾಲವ್ವ. ದಾರಿಯಲ್ಲಿ ಧೂಳೆದ್ದರೆ ಸಾಕು, ಓಡಿ ಹೋಗಿ ಬಾಗಿಲು ಹಾಕುತ್ತಿದ್ದಳಂತೆ. ಒಂದಲ್ಲ ಎರಡಲ್ಲ, ಹದಿನಾರು ವರ್ಷ ಹೀಗೇ ನಡೆಯಿತು. ಎಷ್ಟು ದಿನ ಅಂತ ಜನ ಬಾಯಿ ಮುಚ್ಚಿಕೊಂಡಿರುತ್ತಾರೆ? ಸುದ್ದಿ ಊರಿಂದ ಊರಿಗೆ ಹೋಗಿ ಚಿಕ್ಕಪ್ಪರಾಜನ ಕಿವಿಗೆ ಬಿತ್ತು. ಅವನು ಮುದಿಮಂತ್ರಿಯನ್ನೂ ನೂರು ಕುದುರೆ ಸವಾರರನ್ನೂ ಕಟ್ಟಿಕೊಂಡು ಹೊರಟೇಬಿಟ್ಟನಂತೆ.

ಸುದ್ದಿ ಮುಟ್ಟಿದ್ದೇ ಹಟ್ಟಿಯ ಹಿರಿಯ ಬೊಮ್ಮಜ್ಜ ಎಲ್ಲರನ್ನೂ ಸೇರಿಸಿದನಂತೆ. "ಮನೆಯೊಳಗಿಟ್ಟರೆ ಶೋಧಿಸಿ ಎಳೆದು ತರ್ತಾರೆ. ಅದಕ್ಕೆ ಹೀಗೆ ಮಾಡೋಣ. ಉಣ್ಣೆ ಕತ್ತರಿಸೋಕೆ ಅಂತ ಎಲ್ಲ ಕುರಿಗಳ ಕಾಲು ಕಟ್ಟಿ ಮಲಗಿಸೋಣ. ಓಬಳನ ಕೈಗೂ ಕತ್ತರಿ ಕೊಟ್ಟು ಒಂಬತ್ತು ಹುಡುಗರ ನಡುವೆ ಕೂರಿಸೋಣ. ಕಾಲು ಕಟ್ಟಿದ ಕುರಿ ಅದು ಹೇಗೆ ಮಂಡಿಯೂರುತ್ತೆ, ನಾನೂ ನೋಡ್ತೀನಿ."

ಎಲ್ಲರೂ ಭೇಷ್ ಅಂದರಂತೆ. ಹಾಲವ್ವನೂ ಭೇಷ್ ಅಂದಳಂತೆ. ನಾಯಿಯನ್ನ ಕೂಡ ಗುಡಿಸಲಲ್ಲಿ ಕೂಡಿಹಾಕಿದರಂತೆ. ಒಂದು ಕುರಿ ಬಿಡದೆ ಕಟ್ಟಿ ಮಲಗಿಸಿ, ಬೆವರು ಒರೆಸಿಕೊಂಡು ಕೂತರು.

ರಾಜ ಬಂದ. ಎಲ್ಲಿ ನೋಡಿದರೂ ಮಲಗಿದ ಕುರಿ, ಕತ್ತರಿಯ ಕಚಕಚ ಸದ್ದು. ಆದರೆ ಮೂರು ಹೊತ್ತೂ ಕುರಿಯನ್ನೇ ಯೋಚಿಸುವ ಆ ಜನ ಏನು ಮರೆತಿದ್ದರು ಗೊತ್ತಾ? ರಾಜ ಆನೆಯ ಮೇಲೆ ಬರುತ್ತಾನೆ ಅನ್ನೋದನ್ನ! ಆನೆಗೂ ನಾಲ್ಕೇ ಕಾಲು. ಅದು ಹುಡುಗರ ಮುಂದೆ ಬಂದು ಧೊಪ್ಪನೆ ಮಂಡಿಯೂರಿತು. ನೂರು ಕುದುರೆಗಳೂ ಮಂಡಿಯೂರಿದವು. ಸವಾರರು ಒಬ್ಬರ ಮೇಲೊಬ್ಬರು ಉರುಳಿದರಂತೆ. ಬೊಮ್ಮಜ್ಜ ಎಲ್ಲೂ ನೋಡಲಾರದೆ ನೆಲ ನೋಡಿದನಂತೆ.

ರಾಜ ಅಂಬಾರಿಯಿಂದ ಜಾರಿ ಇಳಿದು ಕತ್ತಿ ಹಿರಿದ. "ಈ ಹತ್ತರಲ್ಲಿ ಯಾರವನು? ಹೇಳದಿದ್ದರೆ ಹತ್ತೂ ತಲೆ ತೆಗೀತೀನಿ."

ಓಬಳ ಕತ್ತರಿ ಕೆಳಗಿಟ್ಟು ಎದ್ದು ನಿಂತನಂತೆ. "ನಾನೇ. ಬೇರೆಯವರನ್ನ ಮುಟ್ಟಬೇಡ."

ನೋಡಿದಿರಾ? ಹದಿನಾರು ವರ್ಷ ಬಚ್ಚಿಟ್ಟಿದ್ದನ್ನ ಒಂದೇ ಮಾತಲ್ಲಿ ಬಿಚ್ಚಿಟ್ಟುಬಿಟ್ಟ. ರಾಜ ಕತ್ತಿ ಎತ್ತಿಕೊಂಡು ಅವನತ್ತ ನಡೆದ. ಹಾಲವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂದು ಆನೆಯ ಮುಂದೆ ಹೋಗಿ ನಿಂತಳಂತೆ. "ಇಷ್ಟು ದೊಡ್ಡ ಮೈ ಇಟ್ಟುಕೊಂಡು ಮಂಡಿಯೂರಿ ಕೂತಿದ್ದೀಯಲ್ಲಾ, ನಾಚಿಕೆ ಆಗಲ್ವಾ ನಿನಗೆ? ನಿನ್ನ ಮರ್ಯಾದೆ ಕಟ್ಟಿಕೊಂಡು ನನಗೇನಾಗಬೇಕು? ನನ್ನ ಮಗ ಉಳೀಬೇಕು."

ಆಗೆಲ್ಲ ಕೇಳಿದರೆ ಪ್ರಾಣಿಗಳು ಮಾತಾಡುತ್ತಿದ್ದವಂತೆ. ಆನೆ ಹೇಳಿತು: "ನನ್ನನ್ನ ಬೈದು ಏನು ಬಂತು ತಾಯೀ? ಇವನು ಎದುರಿಗಿದ್ದಾನೆ, ನಾನು ಏಳೋ ಹಾಗಿಲ್ಲ. ನನಗೂ ಮಂಡಿ ನೋಯುತ್ತೆ. ಒಂದು ಗಳಿಗೆ ಇವನನ್ನ ಮರೆ ಮಾಡು, ಆಮೇಲೆ ನೋಡು."

"ಹದಿನಾರು ವರ್ಷದಿಂದ ಅದನ್ನೇ ತಾನೇ ಮಾಡ್ತಿರೋದು" ಅನ್ನುತ್ತಾ ಹಾಲವ್ವ ಹೆಗಲ ಮೇಲಿನ ಕಂಬಳಿ ಕಿತ್ತು ಓಬಳನ ತಲೆಯ ಮೇಲೆ ಎಸೆದಳಂತೆ.

ಆನೆ ಎದ್ದಿತು. ಸೊಂಡಿಲು ಚಾಚಿ ರಾಜನನ್ನ ಸೊಂಟ ಹಿಡಿದು ಎತ್ತಿತು. ಕತ್ತಿ ಕೆಳಗೆ, ರಾಜ ಮೇಲೆ. ಹಾಗೇ ಎತ್ತಿಕೊಂಡು ಕಾಡಿನ ದಾರಿ ಹಿಡಿದು ಹೋಯಿತಂತೆ. ಆನೆಯೂ ವಾಪಸ್ಸು ಬರಲಿಲ್ಲ, ರಾಜನೂ ಬರಲಿಲ್ಲ. ಕುದುರೆಗಳು ಸವಾರರನ್ನ ಬಿಟ್ಟು ಲಾಯದ ಕಡೆ ಓಡಿದವು. ಸವಾರರು ಆಯುಧ ಕೆಳಗಿಟ್ಟರು. ಮುದಿಮಂತ್ರಿ ಬಂದು ಕಂಬಳಿ ಸರಿಸಿ ಕೈಮುಗಿದು, "ಸ್ವಾಮಿಯವರು ಅರಮನೆಗೆ ಬಿಜಯಮಾಡಬೇಕು, ಪಟ್ಟ ಕಾದಿದೆ" ಅಂದನಂತೆ.

ಓಬಳ ಸುತ್ತ ನೋಡಿದ. ಹಾಲವ್ವ ಕಾಲು ಚಾಚಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳಂತೆ. ಆ ಹಟ್ಟಿಯಲ್ಲಿ ಅವಳು ಅತ್ತಿದ್ದನ್ನ ಯಾರೂ ಕಂಡಿರಲಿಲ್ಲ. ಓಬಳ ಓಡಿ ಹೋಗಿ ಪಕ್ಕದಲ್ಲಿ ಕೂತ.

"ಎಲ್ಲ ಮುಗೀತಲ್ಲವ್ವಾ. ನಾನು ಬದುಕಿದ್ದೀನಿ. ಈಗ ಯಾಕೆ ಅಳ್ತೀಯ?"

"ಇಷ್ಟು ವರ್ಷ ಅಳೋಕೆ ಪುರುಸೊತ್ತೇ ಇರಲಿಲ್ಲ ಕಣೋ" ಅಂದಳಂತೆ. "ಈಗ ಸಿಕ್ಕಿದೆ, ಸುಮ್ಮನಿರು."

ಮಂತ್ರಿ ಕೆಮ್ಮಿದ. "ಸ್ವಾಮೀ, ಮುಹೂರ್ತ ಮೀರುತ್ತೆ."

"ಮೀರಲಿ" ಅಂದನಂತೆ ಓಬಳ. "ಅವ್ವ ಮೊದಲು ಅತ್ತು ಮುಗಿಸಲಿ. ಆಮೇಲೆ ಇಬ್ಬರೂ ಬರ್ತೀವಿ."

ಅವಳು ಅತ್ತು ಮುಗಿಸಿದಳಂತೆ, ಅವನು ಪಟ್ಟ ಏರಿದನಂತೆ. ನಾನು ಹೇಳಿ ಮುಗಿಸಿದೆ, ನೀವಿನ್ನು ಎದ್ದು ನಿಮ್ಮ ನಿಮ್ಮ ಕೆಲಸ ನೋಡಿ.