ಒಂದು ಪೇಟ, ಮೂರು ಭೂತ, ಬೀಗರ ಪಂಕ್ತಿ

ಒಂದಾನೊಂದು ಕಾಲದಲ್ಲಿ, ಕರೆಂಟು ಇನ್ನೂ ಹುಟ್ಟೇ ಇರದ ಕಾಲದಲ್ಲಿ, ಕೆಂಚಿ ಅನ್ನೋ ಹುಡುಗಿ ಒಂದು ಕಂಪ್ಯೂಟರ್ ಮಾಡಿದ್ಲಂತೆ. ಕರೆಂಟಿಲ್ದೆ ಹೆಂಗೆ ಓಡುತ್ತೆ ಅಜ್ಜಿ ಅಂತ ಬಾಯಿ ಹಾಕ್ಬೇಡ, ಹೇಳ್ತೀನಿ ಕೇಳು ಮಗಾ. ಹಲಸಿನ ಮರದ ಪೆಟ್ಟಿಗೆ, ಅದರೊಳಗೆ ಮೂರು ಭೂತ, ಗುಂಡ, ಪುಂಡ, ತುಂಡ. ಕೆಂಚಿ ಚೀಟಿ ಬರೆದು ಒಳಗೆ ತೂರಿಸಿದ್ರೆ ಬರೆದಷ್ಟನ್ನ ಮಾಡೋರು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಆ ಚೀಟಿಗೆ ಪ್ರೋಗ್ರಾಂ ಅಂತ, ಆ ಭೂತಗಳಿಗೆ ಥ್ರೆಡ್ಡು ಅಂತ ಹೆಸರಂತೆ.

ಆಮೇಲೆ ದೊರೆ ಮಗಳಿಗೆ ಮೂರು ದಿನದ ಮದುವೆ ಬಂತಂತೆ. ಊಟಕ್ಕೆ ಜನಾನ ಕೂರಿಸೋ ಕೆಲಸ ನಂಗೆ ಕೊಡಿ ಬುದ್ಧಿ ಅಂದ್ಲಂತೆ ಕೆಂಚಿ. ಕೊಟ್ಟೆ, ಆದ್ರೆ ಬೀಗರು ಉಣ್ಣದೆ ಎದ್ದು ಹೋದ್ರೆ ನಿನ್ನ ಪೆಟ್ಟಿಗೆ ಒಡೆದು ಅಡಿಗೆ ಒಲೆಗೆ ಹಾಕಿಸ್ತೀನಿ ಅಂದನಂತೆ ದೊರೆ. ಕೆಂಚಿ ಪೆಟ್ಟಿಗೇನ ಸೆರಗಲ್ಲಿ ಮುಚ್ಕೊಂಡ್ಲಂತೆ, ಭೂತಗಳಿಗೆ ಇದ್ದ ಮನೆ ಅದೊಂದೇ ನೋಡು.

ಮೊದಲ ದಿನ ಊರವರ ಊಟ. ಒಬ್ಬನೇ ಭೂತ ಕೂರಿಸ್ತಾ ಹೋದ್ರೆ ಸಾರು ಹಳಸೋಗುತ್ತೆ ಅಂತ ಮೂವರನ್ನೂ ಒಟ್ಟಿಗೆ ಬಿಟ್ಲಂತೆ. ಖಾಲಿ ಎಲೆ ನೋಡು, ಬಾಗಿಲಿಗೆ ಓಡು, ಒಬ್ಬರನ್ನ ತಂದು ಕೂರಿಸು, ಇಷ್ಟೇ ಚೀಟಿ. ಮೂವರೂ ಮೊದಲನೇ ಎಲೆ ನೋಡಿದ್ರಂತೆ, ಖಾಲಿ! ಮೂವರೂ ಓಡಿದ್ರಂತೆ, ಮೂವರನ್ನ ತಂದ್ರಂತೆ, ಧೊಪ್ ಧೊಪ್ ಧೊಪ್! ಪೈಲ್ವಾನನ ತೊಡೆ ಮೇಲೆ ಶಾನುಭೋಗ, ಶಾನುಭೋಗನ ತೊಡೆ ಮೇಲೆ ಪುರೋಹಿತ, ಮೂರು ಕೈ ಒಂದೇ ಹಪ್ಪಳಕ್ಕೆ! ಏನ್ರೋ ಇದು ಮುಂಡೇವಾ ಅಂತ ಕೆಂಚಿ ಬೈದ್ರೆ, ನಾನು ನೋಡಿದಾಗ ಖಾಲಿ ಇತ್ತವ್ವಾ ಅಂತ ಮೂವರೂ ಒಂದೇ ಉಸಿರಲ್ಲಿ ಅಂದ್ರಂತೆ. ಅದು ಸುಳ್ಳೂ ಅಲ್ವಲ್ಲ!

ಎರಡನೇ ದಿನ ನೆಂಟರ ಊಟ. ಕೆಂಚಿ ಒಂದು ಕೆಂಪು ಪೇಟ ತಂದ್ಲಂತೆ, ಲಾಕು ಅನ್ನೋದು ಇದಕ್ಕೇ. ಪೇಟ ಸುತ್ತಿದವನೇ ಎಲೆ ನೋಡ್ಬೇಕು, ಅವನೇ ಕೂರಿಸ್ಬೇಕು, ಉಳಿದೋರು ಕಾಯ್ಬೇಕು. ಗುಂಡ ಪೇಟ ಸುತ್ತಿ ಒಬ್ಬ ಅಜ್ಜನ್ನ ಕೂರಿಸಿದ. ಆಮೇಲೆ ಅಲ್ಲೇ ನಿಂತ. ಬಿಸಿಲು ನೆತ್ತಿಗೇರಿತು, ಸಾಲು ಬೀದಿ ದಾಟಿತು, ಅವನು ಮಾತ್ರ ಕನ್ನಡಿ ಮುಂದೆ ಮದುಮಗನ ಹಂಗೆ ನಿಂತೇ ಇದಾನಂತೆ. ಪೇಟ ಬಿಚ್ಚೋ ಅಂದ್ಲಂತೆ ಕೆಂಚಿ. ಬಿಚ್ಚು ಅಂತ ಎಲ್ಲಿ ಬರೆದಿದ್ದೆ ಅವ್ವಾ? ಕೆಂಚಿ ಹಣೆ ಹಣೆ ಚಚ್ಕೊಂಡು, ಕೂರಿಸಿದ ತಕ್ಷಣ ಬಿಚ್ಚು ಅಂತ ಸೇರಿಸಿದ್ಲಂತೆ.

ಮೂರನೇ ದಿನ ಬೀಗರು! ಅವರ ಕಡೆ ಒಂದು ಪದ್ಧತಿ, ಕೂತ ಕೂಡ್ಲೇ ಎಲೆ ತುದಿಗೆ ಬೆಳ್ಳಿ ಸೌಟಲ್ಲಿ ಪಾಯಸ ಬೀಳ್ಬೇಕು. ಸೌಟು ಇರೋದು ಒಂದೇ. ಪೇಟ ಬೇಕು, ಸೌಟೂ ಬೇಕು ಅಂತ ಬರೆದ್ಲಂತೆ ಕೆಂಚಿ. ಪುಂಡ ಪೇಟ ಹಿಡಿದ, ತುಂಡ ಸೌಟು ಹಿಡಿದ.

ಸೌಟು ಕೊಡೋ.
ನೀ ಪೇಟ ಕೊಡೋ ಮೊದ್ಲು.
ನೀ ಕೊಡೋ ಮೊದ್ಲು.

ಇಬ್ಬರೂ ಬಿಡಲೊಲ್ಲರು, ಇಬ್ಬರೂ ಅಲ್ಲಾಡಲೊಲ್ಲರು! ಗಂಡಿನಪ್ಪ ಶಲ್ಯ ಕೊಡವಿ, ನಡೀರೋ ನಮ್ಮೂರಿಗೆ ಅಂದೇಬಿಟ್ಟ. ಅಡಿಗೆಯವನು ಕೊಡಲಿ ಹಿಡ್ಕೊಂಡು ಪೆಟ್ಟಿಗೆ ಹತ್ರ ಬಂದೇಬಿಟ್ಟ! ಕೆಂಚಿ ಪೆಟ್ಟಿಗೆ ಮೇಲೆ ಒಂದು ಗುದ್ದಿ, ಗುದ್ದಿದ್ರೆ ಎಲ್ಲಾ ಮೊದಲಿಂದ ಶುರು ಅಂತ ಲೆಕ್ಕ, ಎಲ್ಲಾ ಬಿಟ್ಟು ಒಳಗೆ ಹೋಗಿ ಮತ್ತೆ ಬರ್ರೋ ಅಂತ ಕೂಗಿ, ಹೊಸ ಚೀಟಿ ಬರೆದ್ಲಂತೆ: ಯಾರೇ ಆಗ್ಲಿ ಮೊದ್ಲು ಪೇಟ, ಆಮೇಲೆ ಸೌಟು. ಪೇಟ ಇಲ್ದವನು ಸೌಟು ಮುಟ್ಟಂಗಿಲ್ಲ. ಬಡಿಸಿದ ತಕ್ಷಣ ಎರಡೂ ಬಿಡು, ಕಾಯೋರು ಬಾಗಿಲ ಕೆಲಸ ಮಾಡ್ತಿರಿ.

ಆಹಾ, ಆಮೇಲೆ ನೋಡ್ಬೇಕಿತ್ತು! ಒಬ್ಬ ಪೇಟ ಸುತ್ತಿ, ಸೌಟು ಹಿಡಿದು, ಕೂರಿಸಿ, ಬಡಿಸಿ, ಎರಡೂ ಬಿಡೋದು, ಅಷ್ಟರಲ್ಲಿ ಉಳಿದಿಬ್ಬರು ಬಾಗಿಲಲ್ಲಿ ಕಾಲಿಗೆ ನೀರು ಕೊಡೋದು, ಎಲೆಯಡಿಕೆ ಮಡಿಚೋದು, ಸರಸರ ಸರಸರ! ಎದ್ದಿದ್ದ ಗಂಡಿನಪ್ಪ ಕೂತ, ಮೂರು ಸಲ ಪಾಯಸ ಹಾಕಿಸ್ಕೊಂಡ, ಢರ್ ಅಂತ ತೇಗಿದ. ದೊರೆ ಅಡಿಗೆಯವನ ಕೊಡಲಿ ಕಿತ್ತು ಹಿತ್ತಲಿಗೆ ಎಸೆದನಂತೆ.

ಎಲ್ಲರೂ ಉಂಡ ಮೇಲೆ ಕೆಂಚಿ ಭೂತಗಳಿಗೂ ಮೂರು ಎಲೆ ಹಾಕಿ, ಮೂರು ಬಟ್ಟಲು ಪಾಯಸ ಇಟ್ಲಂತೆ. ಕೂರಲೊಲ್ಲರು! ನೀ ಮೊದ್ಲು ಅಣ್ಣಾ, ಛೇ ನೀ ಮೊದ್ಲು ತಮ್ಮಾ, ಪೇಟ ಎಲ್ಲಿ, ಪೇಟ ಎಲ್ಲಿ ಅಂತ ಹುಡುಕಾಡೋದು. ಅಯ್ಯೋ ಪೆದ್ದುಗಳಾ, ಅವರವರ ಎಲೆ ಅವರವರಿಗೆ ಇರುವಾಗ ಪೇಟ ಯಾಕ್ರೋ, ಒಟ್ಟಿಗೆ ಕೂತು ಉಣ್ರೋ ಅಂದ್ಲಂತೆ ಕೆಂಚಿ. ಮೂವರೂ ಧೊಪ್ಪನೆ ಕೂತು ಬಟ್ಟಲು ನೆಕ್ಕಿದ್ರಂತೆ.

ಪಾಯಸ ಖಾಲಿ, ಕತೆನೂ ಖಾಲಿ, ಮಲಕ್ಕೋ ಮಗಾ.